ತಲೆ ಅಲ್ಲಾಡಬಾರದು

ಸರೋಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾರಿನ ಬಾನೆಟ್ ಎತ್ತಿದಾಗ ಅಂಗಳದ ಭಜನೆಯವರು ಹಾಡು ನಿಲ್ಲಿಸಿ ನೋಡಿದರು. ಒಳಗೆ ಪಡಸಾಲೆಯಲ್ಲಿ ಅವರ ಗಂಡ ಏಕಾಂತಪ್ಪ, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು, ಕುರ್ಚಿಗೊರಗಿ ಕೂತಿದ್ದರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಮೆರವಣಿಗೆ, ಕೂರಿಸಿಯೇ ಮಣ್ಣು.

ಮೈದುನ ಕಲ್ಲೇಶ್ ಹತ್ತಿರ ಬಂದ. "ಅತ್ತಿಗೆ, ಟ್ರ್ಯಾಕ್ಟರ್‌ಗೆ ಹೇಳಿದೀನಿ. ಇದು ನಿಂತಲ್ಲೇ ಕುಣೀತದೆ. ದಾರೀಲಿ ಆಫ್ ಆದ್ರೆ ಅಣ್ಣನ್ನ ತಳ್ಕೊಂಡು ಹೋಗೋದಾ?"

"ಆಲ್ದೂರಲ್ಲಿ ಎಷ್ಟೋ ಮನೆಯವ್ರನ್ನ ಇದ್ರಲ್ಲೇ ಮಣ್ಣಿಗೆ ಮುಟ್ಟಿಸಿದವ್ರು ಅವ್ರು. ಟ್ರ್ಯಾಕ್ಟರಲ್ಲಿ ಹೋಗೋದಿಲ್ಲ."

ಟಾಪು ಮಡಚುವ ಹಳೇ ಕಾರು ಅದು. ಏಕಾಂತಪ್ಪ ಹಾಸಿಗೆ ಹಿಡಿದಾಗಿನಿಂದ ಶೆಡ್ಡಿನಲ್ಲೇ ಇತ್ತು. ಎದುರು ಗ್ಯಾರೇಜಿನ ಇಜಾಜ್ ಬೆಳಗಿನಿಂದ ಪ್ಲಗ್ಗು ಒರೆಸಿ, ಕಾರ್ಬುರೇಟರಿನ ಸ್ಕ್ರೂ ಆಚೆ ಈಚೆ ತಿರುಗಿಸಿ ನೋಡಿದ್ದ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಓಡುತ್ತಿತ್ತು; ಕಾಲು ತೆಗೆದರೆ ಚಳಿಜ್ವರ ಬಂದವರಂತೆ ನಡುಗಿ ನಿಲ್ಲುತ್ತಿತ್ತು.

"ಮಣ್ಣಿನ ಮೆರವಣಿಗೆ ಅಂದ್ರೆ ನಡಿಗೆ ಸ್ಪೀಡು, ಅಮ್ಮ," ಅಂದ ಇಜಾಜ್. "ಹೀಗೆ ನಡುಗಿದ್ರೆ ಸಾಹುಕಾರ್ರ ತಲೆ..."

ಅವನು ಪಡಸಾಲೆಯ ಕಡೆ ನೋಡಿದ.

*

ಹಿಂದೊಮ್ಮೆ, ಊರಿನ ಸೋಮಶೇಖರಪ್ಪನವರ ತಾಯಿಯನ್ನು ಇದೇ ಕಾರಿನಲ್ಲಿ ಮಣ್ಣಿಗೆ ಒಯ್ದ ದಿನವೂ ಎಂಜಿನ್ ಹೀಗೇ ನಡುಗಿತ್ತು. ಬಟ್ಟೆ ಕಟ್ಟಿದ್ದರೂ ಮುದುಕಿಯ ತಲೆ ದಾರಿಯುದ್ದಕ್ಕೂ ಹೂಂ ಹೂಂ ಎಂಬಂತೆ ಅಲ್ಲಾಡುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ ನಕ್ಕರು.

"ಜೀವಮಾನದಲ್ಲಿ ಯಾರಿಗೂ ತಲೆ ಆಡಿಸದ ಹೆಂಗಸು," ಏಕಾಂತಪ್ಪ ತಟ್ಟೆಯ ಮುಂದೆ ಕೂತು ಹೇಳಿದ್ದರು. "ನನ್ನ ಗಾಡೀಲಿ ಕಂಡಕಂಡವ್ರಿಗೆಲ್ಲ ಹೂಂ ಅಂದ್ಕೊಂಡು ಹೋಗೋ ಹಾಗಾಯ್ತಲ್ಲೇ." ಉಣ್ಣದೆ ಎದ್ದರು.

ಮರುದಿನ ಒಂದು ತುಂಡು ರಬ್ಬರ್ ಪೈಪು ಹಿಡಿದು ಬಂದರು. "ನನ್ನ ಕಿವಿ ಮಂದ. ನೀನು ಕೇಳು. ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗ್ತಿದೆ."

ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಎಂಜಿನ್ನಿನ ಸಂದುಗೊಂದುಗಳಿಗೆ. ಕಾರ್ಬುರೇಟರಿನ ಬುಡದಲ್ಲಿ ಸುಯ್ ಎಂದಿತು. ಅಲ್ಲಿ ಸಂದು ಮುಚ್ಚುವ, ಒಣಗಿ ಬಿರಿದಿದ್ದ ಗ್ಯಾಸ್ಕೆಟ್ ಹಾಳೆ ಕಿತ್ತು, ಮದುವೆ ಕಾರ್ಡೊಂದನ್ನು ಅದೇ ಅಳತೆಗೆ ಕತ್ತರಿಸಿ, ಗ್ರೀಸು ಸವರಿ ಕೂರಿಸಿದ್ದರು. "ಕಾರ್ಡ್ ಗಟ್ಟಿ ಇದೆ. ಮದುವೆ ಹೆಂಗೋ ಗೊತ್ತಿಲ್ಲ," ಎಂದು ನಕ್ಕಿದ್ದರು.

*

ಟೂಲ್ಸ್ ಡಬ್ಬಿಯ ತಳದಲ್ಲಿ ಆ ಪೈಪು ಸಿಕ್ಕಿತು.

"ಅತ್ತಿಗೆ, ಜನ ನೋಡ್ತಿದಾರೆ."

"ನೋಡ್ಲಿ. ಇಜಾಜ್, ಸ್ಟಾರ್ಟ್ ಮಾಡು. ಆಫ್ ಆಗೋಕೆ ಬಿಡಬೇಡ."

ಸರೋಜಮ್ಮ ಬಗ್ಗಿ ಪೈಪು ಕಿವಿಗಿಟ್ಟರು. ಹಿಂದೆ ಯಾರೋ ಪಿಸುಗುಟ್ಟಿದರು. ಅವರು ಕಣ್ಣು ಮುಚ್ಚಿದರು. ಗಡಗಡ, ಟಪಟಪ, ಆಮೇಲೆ ಅದೇ ಹಳೇ ಸುಯ್.

"ಇಲ್ಲಿ, ಇದ್ರ ಬುಡದಲ್ಲಿ. ನೀರು ಬಿಟ್ಟು ನೋಡು."

ಇಜಾಜ್ ಸಂದಿಗೆ ನೀರು ತೊಟ್ಟಿಕ್ಕಿಸಿದ. ನೀರು ಸಂದು ಮುಚ್ಚಿದ ಒಂದು ಗಳಿಗೆ ಎಂಜಿನ್ ಸಮಾಧಾನವಾಯಿತು, ಮತ್ತೆ ನಡುಗಿತು.

"ಸಿಕ್ತು. ನಾನು ಸ್ಕ್ರೂ ಹಿಂದೇನೇ ಬಿದ್ದಿದ್ದೆ ನೋಡಿ. ಗ್ಯಾಸ್ಕೆಟ್ ತರೋಕೆ ಮೂಡಿಗೆರೆಗೇ ಹೋಗ್ಬೇಕು."

"ಗಟ್ಟಿ ಕಾರ್ಡ್ ಸಾಕು."

ಕಲ್ಲೇಶ್ ಹೆಗಲ ಚೀಲದಿಂದ ಅರಿಸಿನ ಹಚ್ಚಿದ ಲಕೋಟೆಯೊಂದನ್ನು ತೆಗೆದ. "ಕೃತಿಕಾ ಮದುವೇದು. ಮೊದಲ್ನೇ ಕಾರ್ಡ್ ದೊಡ್ಡಪ್ಪಂಗೇ ಕೊಡ್ಬೇಕು ಅಂದಿದ್ಲು ಮಗಳು." ಬೆರಳಲ್ಲಿ ಬಾಗಿಸಿ ನೋಡಿದ. "ಗಟ್ಟಿ ಇದೆ."

ಸರೋಜಮ್ಮ ಅವನ ಮುಖ ನೋಡಿದರು. ಕತ್ತರಿ ತರಲು ಒಳಗೆ ಹೋದರು.

ಕಾರ್ಡು ಕತ್ತರಿಸಿ ಕೂರಿಸುವ ಹೊತ್ತಿಗೆ ಟ್ರ್ಯಾಕ್ಟರ್ ಬಂತು; ಕಲ್ಲೇಶನೇ ಗೇಟಿಗೆ ಹೋಗಿ ಅದನ್ನು ವಾಪಸು ಕಳಿಸಿದ.

ಹೂವಿನ ಕಮಾನಿನ ಕೆಳಗೆ, ಹಿಂದಿನ ಸೀಟಿನಲ್ಲಿ, ಏಕಾಂತಪ್ಪ ಊರು ನೋಡಲು ಹೊರಟವರಂತೆ ಕೂತರು. ಸ್ಟೀರಿಂಗಿಗೆ ಇಜಾಜ್ ಕೂತ. ಭಜನೆ ಮುಂದೆ, ಕಾರು ಹಿಂದೆ, ಅದರ ಹಿಂದೆ ಸರೋಜಮ್ಮ. ಕಲ್ಲೇಶ್ ಕಾರಿನ ಪಕ್ಕದಲ್ಲೇ, ಅಣ್ಣನ ಕತ್ತಿನ ಹಿಂದೆ ಅಂಗೈ ಚಾಚಿಕೊಂಡು ನಡೆದ.

ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಭಜನೆಯವರು ನಿಂತು ಒಂದು ಪದ ಪೂರ್ತಿ ಹಾಡಿದರು. ಕಾರೂ ನಿಂತಿತು. ಎಂಜಿನ್ ನಡುಗದೆ ಓಡುತ್ತಲೇ ಇತ್ತು. ಸರೋಜಮ್ಮನ ಕಣ್ಣು ಗಂಡನ ತಲೆಯ ಮೇಲೆಯೇ ಇತ್ತು.

ಪದ ಮುಗಿಯಿತು. ಕಲ್ಲೇಶ್ ಚಾಚಿದ್ದ ಕೈಯನ್ನು ಮೆಲ್ಲಗೆ ಇಳಿಸಿ, ಬೆನ್ನ ಹಿಂದೆ ಕಟ್ಟಿಕೊಂಡು ನಡೆಯತೊಡಗಿದ.