ಬಾಗಿಲಾಚೆಯ ಉತ್ತರ

“ಅವಳಿಗೆ ಅದೆಲ್ಲ ಬೇಡ ಸಿಸ್ಟರ್, ತಡ್ಕೋತಾಳೆ. ಕುಲುಮೇಲಿ ದೊಡ್ಡ ಸುತ್ತಿಗೆ ಬೀಸೋಳು ಅವಳು!”

ಹೆರಿಗೆ ಕೋಣೆಯ ಬಾಗಿಲಾಚೆಯಿಂದ ಬಂದ ಗಂಡನ ದನಿಯಲ್ಲಿ ಹೆಮ್ಮೆಯೂ ಇತ್ತು. ಮಂಚದ ಕಂಬಿ ಹಿಡಿದು ಮಗ್ಗುಲಾಗಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ನೋವು ತಿನ್ನುತ್ತಿದ್ದವಳು ಇಲ್ಲಿ. ನೋವು ಇಳಿಸಲು ಬೆನ್ನಿಗೆ ಹಾಕುವ ಸೂಜಿ ಬೇಕೇ ಎಂದು ನರ್ಸು ಕೇಳಲು ಹೋಗಿದ್ದು ಅವನನ್ನು.

ಕುಲುಮೆಯಲ್ಲೂ ಹೀಗೆಯೇ. ಇಕ್ಕಳ ಹಿಡಿದು ಕೂತವನು ಕೈಸುತ್ತಿಗೆಯಿಂದ ತಟ್ಟಿ ತೋರಿಸಿದಲ್ಲಿ ಅವಳು ದೊಡ್ಡ ಸುತ್ತಿಗೆ ಇಳಿಸಬೇಕು. ಅವನು ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಅಂಚಿಗೆ ಟಿಣ್ ಎನ್ನಿಸಿದ ಮೇಲೇ ನಿಲ್ಲಿಸಬೇಕು. ರಟ್ಟೆ ಬಿದ್ದುಹೋಗುತ್ತಿದ್ದರೂ ತಾನಾಗಿ ನಿಲ್ಲಿಸುವಂತಿಲ್ಲ, ಕಾದ ಕಬ್ಬಿಣ ಕೆಡುತ್ತದೆ. ಕಬ್ಬಿಣದ ವಿಷಯದಲ್ಲಿ ಅದು ಸರಿಯೇ. ಒಮ್ಮೆ ಕಿಡಿ ಹಾರಿ ಮುಂಗೈ ಸುಟ್ಟಾಗ ಅವಳು ತುಟಿ ಬಿಚ್ಚದೆ ಕೆಲಸ ಮುಗಿಸಿದ್ದಳು. ಅಂದಿನಿಂದ ಗಟ್ಟಿಗಿತ್ತಿ ಎಂಬ ಹೆಸರು ಅಂಟಿತು. ಗಿರಾಕಿಗಳಿಗೆಲ್ಲ ಅವನು ಆ ಕಥೆ ಹೇಳುವಾಗ ಅವಳಿಗೂ ಒಳಗೊಳಗೇ ಹಿಗ್ಗು. ಈಗ ಆ ಹಿಗ್ಗಿನ ಮೇಲೂ ಸಿಟ್ಟು ಬಂತು.

“ಹಲ್ಲು ಕಚ್ಕೋ ಕಣೇ,” ಎಂದಳು ತಲೆದೆಸೆಯಲ್ಲಿ ನಿಂತಿದ್ದ ಅತ್ತೆ. “ನಾನು ನಾಲ್ಕು ಹೆತ್ತಿಲ್ವಾ? ಬಾಯಿಗೆ ಬಟ್ಟೆ ತುರುಕ್ಕೊಂಡು ಹೆತ್ತೆ. ಬೆನ್ನಿಗೆ ಸೂಜಿ ಅಂದ್ರೆ ಹುಡುಗಾಟವಾ? ನಾಳೆ ಸುತ್ತಿಗೆ ಎತ್ತೋರು ಯಾರು?”

“ನಿಮ್ಮ ಮಗ ಎತ್ಲಿ!”

ಅಂಥ ದನಿ ತನ್ನಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ನರ್ಸು ಓಡಿಬಂದಳು, ಹಿಂದೆಯೇ ಡಾಕ್ಟರಮ್ಮ.

“ಸಿಸ್ಟರ್, ಹೊರಗಿರೋರು ಹೆರ್ತಾ ಇದಾರಾ? ಹಾಗಿದ್ರೆ ಅವರನ್ನೇ ಮಲಗಿಸಿ, ನಾನು ಎದ್ದು ಹೋಗ್ತೀನಿ.”

“ಮನೆಯವರನ್ನ ಕೇಳೋದು ವಾಡಿಕೆ...” ನರ್ಸು ತಡವರಿಸಿದಳು.

“ನಿಮ್ಮ ವಾಡಿಕೆಗಷ್ಟು ಬೆಂಕಿ ಹಾಕ!”

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತರು. “ನನಗೆ ಹೇಳಿ. ಸೂಜಿ ಹಾಕಿದ್ರೆ ನೋವು ಬಹಳ ಕಡಿಮೆಯಾಗತ್ತೆ. ಕಾಲು ಭಾರ ಆಗ್ಬಹುದು, ಬಿಪಿ ಇಳೀಬಹುದು, ಕೆಲವರಿಗೆ ಆಮೇಲೆ ತಲೆನೋವು ಬರತ್ತೆ. ಬೇಕಾ, ಬೇಡ್ವಾ?”

ಬಾಗಿಲ ಸಂದಿಯಲ್ಲಿ ಗಂಡನ ಮುಖ ಇಣುಕಿತು. “ಏ, ಇಷ್ಟು ಹೊತ್ತು ತಡ್ಕೊಂಡಿದೀಯ, ಇನ್ನೊಂದು ಚೂರು...”

“ರೀ, ಬಾಗಿಲು ಹಾಕ್ಕೊಂಡು ಆಚೆ ನಿಂತ್ಕೊಳ್ಳಿ.” ಡಾಕ್ಟರಮ್ಮನ ಕಡೆ ತಿರುಗಿದಳು. “ಬೇಕು.”

ಸೂಜಿ ಹಾಕುವ ಡಾಕ್ಟರು ಬಂದು ಬೆನ್ನು ಬಾಗಿಸಿ ಕೂರಿಸಿದರು. ಅಲುಗಾಡದಂತೆ ಭುಜ ಹಿಡಿಯಲು ಅತ್ತೆಗೇ ಹೇಳಿದರು. ಅತ್ತೆ ಗೊಣಗುತ್ತಲೇ ಹಿಡಿದಳು. ಸ್ವಲ್ಪ ಹೊತ್ತಿಗೆ ಹೊಟ್ಟೆ ಕಲ್ಲಿನಂತೆ ಬಿಗಿದು ಸಡಿಲವಾಯಿತು. ಅವಳು ಕಂಬಿ ಹಿಡಿಯಲಿಲ್ಲ.

ಅತ್ತೆ ಬಗ್ಗಿ ನೋಡಿದಳು. “ಈಗ ನೋವು ಬಂತಲ್ಲ?”

“ಬಂದು ಹೋಯ್ತು.”

ಅತ್ತೆ ಡಾಕ್ಟರಮ್ಮನ ಹತ್ತಿರ ಸರಿದಳು. ಆಮೇಲೆ, ಯಾರಿಗೂ ಕೇಳಿಸಬಾರದೆಂಬಂತೆ, “ಡಾಕ್ಟ್ರಮ್ಮಾ, ಇವಳ ಗಂಡ ಹುಟ್ಟಿದ್ದು ಇದೇ ಆಸ್ಪತ್ರೇಲಿ. ಆಗ್ಲೂ ಈ ಸೂಜಿ ಇತ್ತಾ?”

“ಇತ್ತಲ್ಲಮ್ಮ. ನಿಮ್ಮನೆಯವರನ್ನ ಕೇಳಿರ್ತಾರೆ.”

ಹೊರಗಿನಿಂದ ಮಗ ಕೂಗಿದ. “ಅಮ್ಮಾ, ಏನಂತೆ?”

ಅತ್ತೆ ಬಾಗಿಲಿಗೆ ಬೆನ್ನು ಹಾಕಿದಳು. ಮಂಚದ ಕಾಲ್ದೆಸೆಗೆ ಹೋಗಿ ಕೂತು, ಸೊಸೆಯ ಪಾದಗಳನ್ನು ತೊಡೆಯ ಮೇಲೆಳೆದುಕೊಂಡು, ದವಡೆ ಬಿಗಿಹಿಡಿದು ಒತ್ತತೊಡಗಿದಳು. ಅವಳ ಕೈಯ ನರಗಳು ಉಬ್ಬಿ ನಿಂತದ್ದು ಸೊಸೆಗೆ ಕಾಣುತ್ತಿತ್ತು. ಜೋಮು ಹಿಡಿದ ಕಾಲಿಗೆ ಒತ್ತಿದ್ದು ಅಷ್ಟಾಗಿ ತಿಳಿಯುತ್ತಿರಲಿಲ್ಲ.