ಹಸಿರು ಪಟ್ಟೆ ಬಳಿದ ಹಲಸು

"ಯಾರಿಗಂತ ಬುಟ್ಟಿದ್ದು ಇದನ್ನೆಲ್ಲ?"

ಹಲಸಿನ ಮರದ ಮೇಲಿಂದ ಶಿವು ಕೇಳಿದ. ಕೆಳಗೆ ಕಾಫಿ ತೋಟದ ಕೂಲಿ ಲೈನಿನ ಮನೆಗಳ ಮುಂದೆ ನಲವತ್ತು ಜನ ನಿಂತಿದ್ದರು. ಅವನು ಅವರತ್ತ ನೋಡಿ ಕೇಳಿದ್ದಲ್ಲ. ಕೇಳಿ, ಉತ್ತರಕ್ಕೆ ಕಾಯದೆ ಕತ್ತಿ ಬೀಸಿದ. ತೊಟ್ಟು ಕಡಿದ ಹಣ್ಣು ಬೊಡ್ಡೆಗೆ ಬಡಿದು ಒಡೆದು, ತೊಳೆಗಳು ಕೆಸರಿಗೆ ಚೆಲ್ಲಿದವು.

ಆ ಬೊಡ್ಡೆಗೆ ಎದೆಮಟ್ಟದಲ್ಲಿ ಹಸಿರು ಬಣ್ಣದ ಪಟ್ಟೆ ಬಳಿದಿತ್ತು. ಅಲ್ಲಿಂದ ಹನ್ನೆರಡು ಹೆಜ್ಜೆಗೆ ಕೂಲಿಯವರ ನೀರಿನ ನಲ್ಲಿ. ನಲ್ಲಿಯ ಪಕ್ಕ ಒಂದು ಪ್ಲಾಸ್ಟಿಕ್ ಬಿಂದಿಗೆ ಹಪ್ಪಳದ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಬೆಳಿಗ್ಗೆ ಆರೂವರೆಗೆ ಶಿವುವಿನ ಹೆಂಡತಿ ಗಂಗಾಮಣಿ ಆ ಬಿಂದಿಗೆ ಹಿಡಿದು ಬಂದಿದ್ದಳು. ಮರದ ಮರೆಯಲ್ಲಿ ಹಣ್ಣು ತಿನ್ನುತ್ತಿದ್ದ ಒಂಟಿ ಸಲಗ ಅವಳನ್ನು ಸೊಂಡಿಲಿನಿಂದ ಎತ್ತಿ ನಲ್ಲಿಯ ಕಟ್ಟೆಗೆ ಒಮ್ಮೆ, ನೆಲಕ್ಕೆ ಒಮ್ಮೆ ಬಡಿಯಿತು. ಆಮೇಲೆ ಎದೆಯ ಮೇಲೆ ಕಾಲಿಟ್ಟಿತು. ಹದಿನಾಲ್ಕು ಮನೆಯವರು ಬಾಗಿಲ ಸಂದಿಯಿಂದ ಅದನ್ನು ನೋಡಿದರು. ತಟ್ಟೆ ಬಡಿದರು, ಕೂಗಿದರು, ಕೊಳ್ಳಿ ಎಸೆದರು. ಆನೆ ಅವಸರ ಮಾಡಲಿಲ್ಲ. ಇನ್ನೊಂದು ಹಣ್ಣನ್ನು ಕಾಲಿನಿಂದ ಒಡೆದು, ತಿಂದು, ಕಾಫಿ ಗಿಡಗಳ ನಡುವೆ ಇಳಿದು ಹೋಯಿತು.

ಹತ್ತು ಗಂಟೆಗೆ ಮುನೀರ್‌ನ ಜೀಪು ಬಂತು. ಸಕಲೇಶಪುರದಿಂದ ಹೊಂಗಡಹಳ್ಳಕ್ಕೆ ದಿನಾ ಬಾಡಿಗೆ ಹೊಡೆಯುವ ಮುನೀರ್ ಗೇಟಿನಲ್ಲೇ ನಿಲ್ಲಿಸಿ, "ಮೇಡಂ, ಇಳೀಬ್ಯಾಡಿ. ಮಾತಾಡೋ ಹೊತ್ತಲ್ಲ ಇದು," ಅಂದ. ಆ ತೋಟದಲ್ಲಿ ತರಬೇತಿ ಮನೆ ನಡೆಸುವ ಸುಮನಾ ಇಳಿದಳು. ಜನ ಅವಳಿಗೆ ದಾರಿ ಬಿಟ್ಟರು. ಆ ದಾರಿ ನೇರ ಮರದ ಬುಡಕ್ಕೆ ಹೋಗುತ್ತಿತ್ತು.

"ಶಿವಣ್ಣ," ಎಂದು ತಲೆಯೆತ್ತಿದಳು.

"ಬಂದ್ರಾ ಮೇಡಮ್ನೋರೆ," ಅಂದ ಶಿವು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಕಾಡಿನ ಪಾಲು ಅಂತಿದ್ರಲ್ಲ. ನಿಮ್ಮ ಪಾಲೂ ಐತೆ, ತಗಳಿ."

ಅವನು ಇನ್ನೊಂದು ಹಣ್ಣಿನ ತೊಟ್ಟು ಕಡಿದು, ಎರಡೂ ಕೈಯಲ್ಲಿ ಎತ್ತಿ, ಗುರಿಯಿಟ್ಟು ಬಿಟ್ಟ. ಒಂದು ಮಣ ತೂಗುವ ಹಣ್ಣು ಅವಳ ಎಡ ಭುಜಕ್ಕೆ ಬಂತು. ಒಣ ಸೌದೆ ಮುರಿದಂಥ ಸದ್ದು ಕೆಳಗೆ ನಿಂತವರಿಗೆಲ್ಲ ಕೇಳಿಸಿತು. ಸುಮನಾ ಮಂಡಿಯೂರಿ ಕುಸಿದಳು. ತೊಳೆಯ ಸಿಹಿ ವಾಸನೆ ಅವಳ ಬಾಯಿ ಮೂಗಿಗೆ ತುಂಬಿತು.

ಆ ಸದ್ದಿಗೇ ಕಾದಿದ್ದವರ ಹಾಗೆ ಜನ ರೊಚ್ಚಿಗೆದ್ದರು. ಗುದ್ದಲಿ, ಪಿಕಾಸಿ, ಗಿಡ ಸವರುವ ಕವಾತಿನ ಕತ್ತಿ, ಕೈಗೆ ಸಿಕ್ಕಿದ್ದು ಹಿಡಿದು ಸ್ಟೋರ್ ಪಕ್ಕದ ತರಬೇತಿ ಮನೆಗೆ ನುಗ್ಗಿದರು. ಹೆಂಚು ಒಡೆದರು, ಕಿಟಕಿ ಒಡೆದರು, ಎರೆಗೊಬ್ಬರದ ಡ್ರಮ್ಮುಗಳನ್ನು ಅಂಗಳಕ್ಕೆ ಉರುಳಿಸಿ ಒದ್ದರು. ಗೋಡೆಯ ಮೇಲಿದ್ದ ಲೋಕದ ನಕ್ಷೆಯನ್ನು ಒಬ್ಬ ಎಳೆದು ಹರಿದ. ಅದಕ್ಕೆ ಚುಚ್ಚಿದ್ದ ಮೂವತ್ತೊಂದು ದೇಶದ ಗುಂಡುಪಿನ್ನುಗಳು ನೆಲದಲ್ಲಿ ಚೆಲ್ಲಾಡಿ, ಬರಿಗಾಲಲ್ಲಿದ್ದವರ ಪಾದಕ್ಕೆ ನೆಟ್ಟುಕೊಂಡವು. ಅವರು ಇನ್ನೂ ರೇಗಿದರು.

"ಬಗ್ಗಿ ಕೂತ್ಕಳಿ," ಎಂದು ಮುನೀರ್ ಸುಮನಾಳನ್ನು ಜೀಪಿನೊಳಗೆ ತಳ್ಳಿದ. ಮುಂದಿನ ಗಾಜು ಒಡೆಯಿತು. ಇನ್ನೊಂದು ಕಲ್ಲು ಅವನ ಕಿವಿಯನ್ನು ಸೀಳಿತು. ಒಂದು ಕೈಯಲ್ಲಿ ಕಿವಿ, ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಅವನು ಹೆತ್ತೂರಿನವರೆಗೂ ಜೀಪು ಓಡಿಸಿದ. ಆಮೇಲೆ, "ಹಲಸಿನಹಣ್ಣಲ್ಲಿ ಹೊಡೆಸ್ಕೊಂಡೋರ್ನ ಇವತ್ತೇ ಕಂಡಿದ್ದು ನಾನು," ಅಂದ. ನಗಲಿಲ್ಲ. ಅವಳೂ ನಗಲಿಲ್ಲ.

ಆರು ವರ್ಷದ ಕೆಳಗೆ ಬೆಳಗೋಡಿನ ಸುಮನಾ ಹನ್ನೊಂದು ಜನ ಬೆಳೆಗಾರರನ್ನು ಕೂಡಿಸಿಕೊಂಡು 'ಬೇರು ಬಳಗ' ಎಂದು ಶುರು ಮಾಡಿದ್ದಳು. ನೆಲ ಕೆಡಿಸದೆ, ನೀರು ಬತ್ತಿಸದೆ, ಕಾಡಿನ ಜೀವಕ್ಕೆ ಜಾಗ ಬಿಟ್ಟು ಬೆಳೆಯುವುದು ಹೇಗೆ ಎಂಬುದಷ್ಟೇ ಅಲ್ಲಿನ ಪಾಠ. ಎಂಟು ವಾರ ಕಲಿಯಬೇಕು, ಒಂದು ವರ್ಷ ಸ್ವಂತ ನೆಲದಲ್ಲಿ ಮಾಡಿ ತೋರಿಸಬೇಕು, ಆಮೇಲೆ ಮೂವರಿಗೆ ಕಲಿಸಬೇಕು. ಆಗಲೇ ಸದಸ್ಯತ್ವ. ಒಂದು ಮೂರಾಗಿ, ಮೂರು ಒಂಬತ್ತಾಗಿ, ಫೋನಿನ ತೆರೆಯ ಮೇಲೆ ಯಾವ ಯಾವ ದೇಶದ ಮುಖಗಳೋ ಮೂಡತೊಡಗಿದವು. ಈಗ ಬಳಗದಲ್ಲಿ ಸಾವಿರದ ಒಂಬೈನೂರು ಮಂದಿ. ಬೆಂಗಳೂರಿನ ಅಭಿಷೇಕ್ ಅದರ ಸಂಚಾಲಕ. ಪಾಠ ಬರೆಯುವವಳು ಸುಮನಾ.

ಎಲ್ಲರಿಗೂ ಇಷ್ಟವಾದದ್ದು ಐದನೆಯ ಪಾಠ. ಅದನ್ನು ಕೊಟ್ಟವಳು ಗಂಗಾಮಣಿ. ಒಂದು ವರ್ಷ ಶಿವರಾತ್ರಿ ಕಳೆದ ಮೇಲೆ ಅವಳು ಸುಮನಾಳನ್ನು ತೋಟದ ಕೊನೆಗೆ, ಕಾಡು ಹತ್ತುವ ಕಡೆಗೆ ಕರೆದೊಯ್ದಿದ್ದಳು. ಅಲ್ಲೊಂದು ಮುದಿ ಹಲಸು. ಬುಡಕ್ಕೆ ಅರಿಸಿನ ಕುಂಕುಮ. "ಇದು ಬೆನಕನ ಮರ ಕಣವ್ವ, ಆನೆದು. ಇದ್ರಲ್ಲಿ ಒಂದು ಕಾಯೂ ಮುಟ್ಟಾಕಿಲ್ಲ," ಎಂದು ಕೈಮುಗಿದು, ತಾಯಿಯಿಂದ ಕಲಿತದ್ದನ್ನು ರಾಗವಾಗಿ ಹೇಳಿದ್ದಳು:

"ಇದು ನಿಂದು, ಅದು ನಮ್ದು. ಇಲ್ಲಿ ತಿನ್ನು, ಅಲ್ಲಿಗೆ ಬರಬ್ಯಾಡ."

ಆಮೇಲೆ ಲೈನಿಗೆ ವಾಪಸು ಬಂದು, ಶಿವುವನ್ನು ಮರ ಹತ್ತಿಸಿ, ಮನೆಗಳ ಸುತ್ತ ಇದ್ದ ಅಷ್ಟೂ ಹಲಸಿನ ಎಳೆಕಾಯಿಗಳನ್ನು ಒಂದೂ ಬಿಡದೆ ಕೀಳಿಸಿದ್ದಳು. ಮಳೆಗಾಲಕ್ಕೆ ಹಣ್ಣಿನ ವಾಸನೆ ಇಲ್ಲದ ಕಡೆ ಆನೆಗೆ ಏನು ಕೆಲಸ?

ಸುಮನಾ ಎರಡನ್ನೂ ಬರೆದಳು. ಅಭಿಷೇಕ್ ಓದಿ, "ಮೊದಲರ್ಧ ಅದ್ಭುತ. ಆದರೆ ರಾಶಿ ರಾಶಿ ಎಳೆಕಾಯಿ ಕಿತ್ತು ಬಿಸಾಡೋದು ಹೊರಗಿನವರಿಗೆ ಚೆನ್ನಾಗಿ ಕಾಣಲ್ಲ. ಪ್ರಾಣಿಗಳ ಆಹಾರ ಅಲ್ವಾ ಅದು?" ಅಂದಿದ್ದ. ಅವಳು ಒಂದು ಸಂಜೆ ಯೋಚಿಸಿ, ಎರಡನೆಯ ಅರ್ಧವನ್ನು ಅಳಿಸಿದಳು. ಹಣ್ಣಿನ ಮರಕ್ಕೆ ಹಸಿರು ಪಟ್ಟೆ ಬಳಿಯಿರಿ, ಅದು ಕಾಡಿನ ಪಾಲು, ಇಷ್ಟೇ ಪಾಠವಾಯಿತು. ಪುಸ್ತಿಕೆಯ ಮುಖಪುಟದಲ್ಲಿ ಮರಕ್ಕೆ ಕೈಯಿಟ್ಟು ನಿಂತ ಗಂಗಾಮಣಿಯ ಚಿತ್ರ. ಹನ್ನೆರಡು ಭಾಷೆಗೆ ಅದು ಹೋಯಿತು.

ಈ ವರ್ಷ ಬಳಗದವರು ತೋಟ ನೋಡಲು ಬರುವುದಿತ್ತು. ಲೈನಿನ ಸುತ್ತಲಿನ ಇಪ್ಪತ್ತಮೂರು ಹಲಸಿಗೂ ಪಟ್ಟೆ ಬಿತ್ತು. ಶಿವರಾತ್ರಿ ಕಳೆದ ಮೇಲೆ ಗಂಗಾಮಣಿ ದೋಟಿ ಹಿಡಿದು ಬಂದಾಗ ಸುಮನಾ ಅಡ್ಡ ನಿಂತಳು.

"ಕೀಳ್ದಿದ್ರೆ ಅವು ಬತ್ತವೆ ಕಣವ್ವ," ಅಂದಿದ್ದಳು ಗಂಗಾಮಣಿ.

"ಇದೊಂದು ವರ್ಷ ಬಿಡಿ ಗಂಗಕ್ಕ. ನೋಡೋಣ."

ಗಂಗಾಮಣಿ ದೋಟಿಯನ್ನು ಗೋಡೆಗೆ ಒರಗಿಸಿ, "ನೀನು ಓದ್ದೋಳು," ಎಂದು ಒಳಗೆ ಹೋಗಿದ್ದಳು.

ಸಕಲೇಶಪುರದ ಆಸ್ಪತ್ರೆಯಲ್ಲಿ ಸುಮನಾಳ ಎಡಗೈಯನ್ನು ಎದೆಗೆ ಬಿಗಿದು ಕಟ್ಟಿದರು. ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ವಸಂತ ಬಂದ. ಗಂಗಾಮಣಿಯ ಹೆಣವನ್ನು ಬಿಸಿಲೆ ರಸ್ತೆಯಲ್ಲಿಟ್ಟು ಜನ ಕೂತಿದ್ದರಂತೆ. ಅರಣ್ಯ ಇಲಾಖೆಯ ಜೀಪು ಮಗುಚಿ ಬಿತ್ತಂತೆ, ಗಾರ್ಡ್ ಒಬ್ಬನ ಹಲ್ಲು ಉದುರಿತಂತೆ, ಲಾಠಿ ಬೀಸಿದ ಮೇಲೆ ಎದ್ದರಂತೆ.

"ಶಿವುನ ಮೇಲೆ ಕಂಪ್ಲೇಂಟ್ ಕೊಡ್ತೀರಾ ಮೇಡಂ?"

"ಆನೆ ಮೇಲೆ ಕೊಡ್ತಾರಾ ಯಾರಾದ್ರೂ?" ಎಂದು ಬಾಗಿಲಲ್ಲಿ ನಿಂತಿದ್ದ ಮುನೀರ್ ಕೇಳಿದ. ಅವನ ಕಿವಿಗೆ ಐದು ಹೊಲಿಗೆ ಬಿದ್ದಿದ್ದವು.

ಸುಮನಾ ಇಲ್ಲ ಎಂದು ತಲೆಯಾಡಿಸಿದಳು.

ಮರುದಿನ ಅದೇ ಸಲಗ ಅದೇ ಹೊತ್ತಿಗೆ ಬಂತು. ಕಡಿದು ಕೆಡವಿದ ಹಣ್ಣಿನ ರಾಶಿ ಲೈನಿನ ಮುಂದೆಯೇ ಕೊಳೆಯುತ್ತಿತ್ತು. ಮರ ಹತ್ತಿ ಇಳಿದು ಮೂವತ್ತು ವರ್ಷ ಬಾಳಿದ ಶಿವುವಿಗೆ ಆ ವಾಸನೆಗೆ ಆನೆ ಬರುವುದು ಗೊತ್ತಿರಬೇಕಿತ್ತು. ಸಿಟ್ಟಿನಲ್ಲಿ ಮರೆತಿದ್ದ. ಜನ ಪಟಾಕಿ ಹಚ್ಚಿದರು. ಬೆದರಿದ ಆನೆ ಹಿಂದಕ್ಕೆ ಹೋಗದೆ ಮುಂದಕ್ಕೆ ನುಗ್ಗಿ, ಶಿವುವಿನ ಮನೆಯ ಗೋಡೆಯನ್ನು ಹಣೆಯಿಂದ ತಳ್ಳಿತು. ಒಲೆ, ಪಾತ್ರೆ, ಗಂಗಾಮಣಿಯ ಸೀರೆಯ ಟ್ರಂಕು, ದೇವರ ಪಟ ಎಲ್ಲ ಒಂದೇ ಗುಡ್ಡೆಯಾಯಿತು. ಶಿವು ಕತ್ತಿ ಹಿಡಿದು ಅದರ ಹಿಂಗಾಲಿಗೆ ಹೊಡೆದ. ಮೂರು ಸಲ ಹೊಡೆದ. ರಕ್ತ ಅವನ ಮುಖಕ್ಕೆ ಚಿಮ್ಮಿತು. ಆನೆ ತಿರುಗಿ ಅವನನ್ನು ನೋಡಿತು. ನಾಲ್ವರು ಅವನನ್ನು ಕಾಲು ಹಿಡಿದು ಎಳೆದುಕೊಂಡು ಸ್ಟೋರಿನೊಳಗೆ ಹಾಕಿ ಬಾಗಿಲು ಮುಚ್ಚಿದರು. ಆನೆ ಕುಂಟುತ್ತ, ಕಾಫಿ ಗಿಡಗಳನ್ನು ಸಾಲುಸಾಲಾಗಿ ತುಳಿಯುತ್ತ ಹೋಯಿತು.

ಮೂರನೆಯ ದಿನ ಸುಮನಾಳ ಫೋನಿಗೆ ಒಂದು ಚಿತ್ರ ಬಂತು. ಶ್ರೀಲಂಕಾದ ಹೊಸ ಸದಸ್ಯೆಯೊಬ್ಬಳು ಕಳಿಸಿದ್ದು. ಹಸಿರು ಪಟ್ಟೆ ಬಳಿದ ಹಲಸಿನ ಮರ, ಮೈತುಂಬ ಕಾಯಿ. ಮರಕ್ಕೂ ಜಗಲಿಯ ಕಂಬಕ್ಕೂ ಹಗ್ಗ ಕಟ್ಟಿ ಜೋಳಿಗೆ ತೂಗುಬಿಟ್ಟಿದ್ದರು. ಜೋಳಿಗೆಯೊಳಗಿಂದ ಒಂದು ಪುಟ್ಟ ಪಾದ ಕಾಣುತ್ತಿತ್ತು. ಕೆಳಗೆ, 'ನಮ್ಮ ಊರಿನಲ್ಲೂ ಆನೆಗಳಿವೆ. ಐದನೆಯ ಪಾಠಕ್ಕೆ ವಂದನೆ,' ಎಂದಿತ್ತು.

ಅವಳು ಅಭಿಷೇಕ್‌ಗೆ ಫೋನ್ ಮಾಡಿದಳು.

"ಐದನೇ ಪಾಠ ಇವತ್ತೇ ತೆಗೀಬೇಕು."

"ನಿಯಮ ನಿಮಗೇ ಗೊತ್ತು ಸುಮನಾ. ಪಾಠ ಬದಲಾಯಿಸಬೇಕಾದ್ರೆ ಜನವರಿಯ ಮಹಾಸಭೆ. ಇಲ್ಲಾಂದ್ರೆ ಪಾಠ ಕೊಟ್ಟವರು ಅಥವಾ ಅವರ ಮನೆಯವರು ಬಂದು ಹೇಳಬೇಕು. ಶನಿವಾರ ಐದು ಗಂಟೆಗೆ ಎಲ್ಲಾ ದೇಶದವರೂ ಫೋನಲ್ಲಿ ಸೇರ್ತಾರೆ. ಅವರ ಗಂಡ ಬಂದು ಎರಡು ಮಾತಾಡಿದ್ರೆ ಸಾಕು. ಹೊಸ ಅನುಭವ ಬಂತು, ಪಾಠ ತಿದ್ದಿದ್ವಿ ಅಂತ ಆಗುತ್ತೆ."

"ನಾನೇ ಹೇಳಿದ್ರೆ? ಅರ್ಧ ಅಳಿಸಿದ್ದು ನಾನು ಅಂತ?"

"ತಿರುಚಿದ ಪಾಠ ಅಂತ ಆಗಲೂ ನಿಲ್ಲುತ್ತೆ. ಆದ್ರೆ ನೀವು ಬರೆದ ಉಳಿದ ಹನ್ನೊಂದು ಪಾಠನೂ ಯಾರು ನಂಬ್ತಾರೆ? ಬಳಗ ಉಳಿಯಲ್ಲ. ಅವರನ್ನೇ ಕರ್ಕೊಂಡು ಬನ್ನಿ."

ಶನಿವಾರ ನಾಲ್ಕೂವರೆಗೆ ಮುನೀರ್‌ನ ಜೀಪು ಮತ್ತೆ ಲೈನಿನ ಮುಂದೆ ನಿಂತಿತು. ಮುಂದಿನ ಗಾಜಿನ ಜಾಗದಲ್ಲಿ ಟಾರ್ಪಾಲು. ಇಪ್ಪತ್ತಮೂರು ಹಲಸಿನ ಮರಗಳೂ ನೆಲಕ್ಕುರುಳಿದ್ದವು. ಹಸಿರು ಪಟ್ಟೆಗಳನ್ನು ಒಂದೊಂದಾಗಿ ಹುಡುಕಿ ಕೆತ್ತಿ ತೆಗೆದಿದ್ದರು. ಶಿವು ಆಳುದ್ದದ ಗುಂಡಿ ತೆಗೆದು ಕೊಳೆತ ಹಣ್ಣುಗಳನ್ನು ಹೂಳುತ್ತಿದ್ದ. ಮೇಲೆ ಬೂದಿ ಎರಚುತ್ತಿದ್ದ. ಅವನ ಮುಖದ ಒಂದು ಪಕ್ಕ ಊದಿ ಕಪ್ಪಾಗಿತ್ತು. ಲಾಠಿಯದೋ, ಬಿದ್ದದ್ದೋ, ಕೇಳುವ ಧೈರ್ಯ ಅವಳಿಗಾಗಲಿಲ್ಲ.

ಕಟ್ಟಿದ ಕೈಯನ್ನು ಅವನು ನೋಡಿದ. "ಮೂಳೆ ಮುರೀತಾ?"

"ಹೂಂ."

"ತಲೆಗೇ ಗುರಿಯಿಟ್ಟಿದ್ದೆ ನಾನು," ಅಂದ. ಮತ್ತೆ ಗುದ್ದಲಿ ಹಿಡಿದ.

ಸುಮನಾ ಗುಂಡಿಯ ಅಂಚಿನಲ್ಲಿ ಕೂತು ಶ್ರೀಲಂಕಾದ ಚಿತ್ರ ತೋರಿಸಿದಳು. ಶಿವು ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಬೂದಿ ಮೆತ್ತಿದ ಬೆರಳಿಂದ ಜೋಳಿಗೆಯ ಮೇಲಿನ ಕಾಯಿಗಳನ್ನು ಎಣಿಸಿದ.

"ಹಣ್ಣಾಗಾಕೆ ಇನ್ನ ಹದಿನೈದು ದಿನ," ಅಂದ.

"ಅದಕ್ಕೇ ಬಂದೆ ಶಿವಣ್ಣ. ಐದು ಗಂಟೆಗೆ ಎಲ್ಲಾ ಸೇರ್ತಾರೆ. ಮನೆ ಹತ್ರ ಎಳೆಕಾಯಿ ಕೀಳಬೇಕು ಅಂತ ನೀವು ಒಂದು ಮಾತು ಹೇಳಿ ಸಾಕು. ಪಾಠ ಇವತ್ತೇ ನಿಲ್ಲುತ್ತೆ."

"ಅವ್ಳು ಹೇಳಿರ್ಲಿಲ್ವಾ ನಿಮ್ಗೆ?"

"ಹೇಳಿದ್ರು."

"ಬೆನಕನ ಮರದ್ದೂ? ಕಾಯಿ ಕೀಳೋದೂ?"

"ಎರಡೂ."

"ಒಂದೇ ಹೋಗೈತಲ್ಲ ಲೋಕಕ್ಕೆಲ್ಲ. ಇನ್ನೊಂದ್ನ ಯಾರು ತಿಂದ್ರು?"

ಗುಂಡಿಯೊಳಗಿಂದ ನೊಣಗಳು ಎದ್ದು ಅವಳ ಪಟ್ಟಿಯ ಮೇಲೆ ಕೂತವು. "ನಾನೇ ಅಳಿಸ್ದೆ," ಅಂದಳು.

"ಅದು ಗೊತ್ತಾ ಅವ್ರಿಗೆ?"

ಅವಳು ಬಲಗೈಯಿಂದ ನೊಣಗಳನ್ನು ಓಡಿಸಿದಳು. ಜೀಪಿನ ಹತ್ತಿರದಿಂದ ಮುನೀರ್, "ಐದಕ್ಕೆ ಹತ್ತು ನಿಮಿಷ ಐತೆ ಮೇಡಂ. ಇಲ್ಲಿ ಸಿಗ್ನಲ್ ಇಲ್ಲ, ಮೇಲಿನ ತಿರುವಿಗೆ ಹೋಗ್ಬೇಕು," ಎಂದು ಕೂಗಿದ.

"ನೀವು ಬನ್ನಿ ಶಿವಣ್ಣ. ನಾನು ಹೇಳಿದ್ರೆ ಬಳಗ ಒಡೆದುಹೋಗುತ್ತೆ. ಆರು ವರ್ಷ ಕಟ್ಟಿದ್ದು. ನಿಮಗೆ ಕೈ ಮುಗೀತೀನಿ." ಬಲಗೈ ಒಂದೇ ಎದೆಯವರೆಗೆ ಬಂತು. ಇನ್ನೊಂದು ಬರಲಿಲ್ಲ.

ಶಿವು ಗುಂಡಿಯಿಂದ ಮೇಲೆ ಬಂದ. ಫೋನಿನ ಮೇಲಿನ ಬೂದಿಯನ್ನು ಪಂಚೆಗೆ ಒರೆಸಿ, ಎತ್ತಿದ್ದ ಅವಳ ಬಲಗೈಯೊಳಗೆ ಅದನ್ನು ಇಟ್ಟು, ಬೆರಳುಗಳನ್ನು ಅದರ ಮೇಲೆ ಮಡಿಸಿದ.

"ನಾನು ಬರಲ್ಲ," ಅಂದ. "ಹೇಳೋದೂ ಇಲ್ಲ. ಅಳಿಸ್ದೋರೇ ಹೇಳ್ಲಿ."