ನಾಯಿಮುಖದ ದೋಣಿ

ಬನಹಟ್ಟಿಯ ಪಾಯಪ್ಪ ಸಾವಕಾರರ ಹೊಸ ಮನೆ ಯಾವ ಶೈಲಿಯದು ಎಂದು ಕೇಳಿದರೆ ಕಟ್ಟಿದ ಗೌಂಡಿಯೂ ತಲೆ ಕೆರೆದುಕೊಳ್ಳುತ್ತಾನೆ. ಕೆಳಗೆ ಅರಮನೆಯ ಕಮಾನು. ಕಮಾನಿನ ಆಚೀಚೆ ಯಾವುದೋ ಇಂಗ್ಲಿಷ್ ಸಿನಿಮಾದಿಂದ ಎದ್ದುಬಂದ ದುಂಡು ಕಂಬಗಳು. ಮೇಲೆ ಕೇರಳದ ಕೆಂಪು ಹೆಂಚು, ನಡುವೆ ನೀಲಿ ಗಾಜು. ಹೆಂಚೂ ಮುಂಬಾಗಿಲಿನ ಮೇಲಷ್ಟೇ. ಹಿಂದೆ ಹೋಗಿ ನೋಡಿದರೆ ಎಲ್ಲರ ಮನೆಯಂಥದೇ ಸ್ಲ್ಯಾಬು.

ನನ್ನ ತಗಡಿನ ಅಂಗಡಿ ಆ ಮನೆಯ ಎದುರಿಗೇ ಇದೆ. ಮೂವತ್ತು ವರ್ಷದಿಂದ ಡಬ್ಬಿ, ಬಕೆಟ್ಟು, ಮಳೆನೀರಿನ ದೋಣಿ ಮಾಡಿಕೊಂಡು ಬಂದವನು ನಾನು. ದೋಣಿ ಎಂದರೆ ಮಾಡಿನ ಅಂಚಿಗೆ ಕಟ್ಟಿ, ನೀರು ಹಿಡಿದು, ಪೈಪಿಗೆ ಇಳಿಸುವುದು. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಬೆರಳಗಲ ಇಳಿಜಾರು ಕೊಟ್ಟರೆ ನೀರು ತನ್ನ ದಾರಿ ತಾನೇ ಹಿಡಿಯುತ್ತದೆ.

"ಸಾವಕಾರ್ರ, ಹೆಂಚಿನ ಕೆಳಗ ಅರ್ಧ ದುಂಡಿನ ದೋಣಿ ಕಟ್ಟಿ, ಮೂಲ್ಯಾಗ ಪೈಪ ಇಳಸತೇನಿ. ಒಂದ ದಿನದ ಕೆಲಸ," ಎಂದೆ.

"ತಗಡಿನ ದೋಣಿ ಗೋದಾಮಿಗೆ ಛಲೋ ವಿಠೋಬಾ. ನಮ್ಮ ಮನಿ ಸ್ಟೈಲಿಗೆ ಹೊಂದಬೇಕಲಾ?"

"ಯಾವ ಸ್ಟೈಲ್ರಿ ನಿಮ್ಮದು?"

ಅವರು ತಿರುಗಿ ತಮ್ಮ ಮನೆಯನ್ನೇ ಬಹಳ ಹೊತ್ತು ನೋಡಿದರು. "ಅದನ್ನ ಸಂಜಯ ಹೇಳತಾನ," ಎಂದರು.

ಸಂಜಯ ಜಮಖಂಡಿಯ ಇಂಜಿನಿಯರು. ಮನೆಯ ಮುಖವನ್ನು ಲ್ಯಾಪ್‌ಟಾಪಿನಲ್ಲಿ ಬರೆದುಕೊಟ್ಟವನು ಅವನೇ. ಆ ಚಿತ್ರವನ್ನು ನಾನೂ ನೋಡಿದ್ದೇನೆ. ಅದರಲ್ಲಿ ಆಕಾಶ ಯಾವಾಗಲೂ ನೀಲಿ, ಬಾಗಿಲಲ್ಲಿ ಯಾವಾಗಲೂ ಒಂದು ಕಾರು. ಮಳೆಯೆಂಬುದು ಅಲ್ಲಿ ಬರುವುದೇ ಇಲ್ಲ. ಅವನು ಬಂದು, ಕಣ್ಣು ಕಿರಿದು ಮಾಡಿ ನೋಡಿ ಹೇಳಿದ: "ಇದು ಮಿಕ್ಸ್ ಹೆರಿಟೇಜ್ ರೀ. ನಮ್ಮ ಭಾಗದ ಗುರುತಂದ್ರ ಮುಧೋಳ ನಾಯಿ. ಹೆಂಚಿನ ಅಂಚಿಗೆ ಹೊರಗ ಕಾಣದಂಗ ಕಾಲುವಿ, ಮುಂದ ನಾಕ ನಾಯಿಮುಖ. ಉದ್ದ ಮೂತಿ ನೋಡ್ರಿ, ನೀರು ರಸ್ತೇದಾಗ ಹೋಗಿ ಬೀಳತೈತಿ."

ಮೂತಿಯ ಅಳತೆ ತಪ್ಪಬಾರದೆಂದು ಇಬ್ಬರೂ ಕಾರು ಮಾಡಿಕೊಂಡು ಆ ತಳಿ ಸಾಕುವ ತಿಮ್ಮಾಪುರಕ್ಕೆ ಹೋಗಿ ನಾಯಿಗಳ ಫೋಟೋ ಹೊಡೆದುಕೊಂಡು ಬಂದರು. ನಾಯಿಗಳು ಇವರನ್ನು ಕಂಡು ಬೊಗಳಲಿಲ್ಲವಂತೆ. ಒಳ್ಳೆ ತಳಿಯ ನಾಯಿಗಳು, ಮರ್ಯಾದೆ ಬಲ್ಲವು.

ಸಾವಕಾರರ ಹೆಂಡತಿ ಕಮಲಾಬಾಯಿ ಮಾತ್ರ ಸುಮ್ಮನಿರಲಿಲ್ಲ. "ಮಹಾರಾಜರು ಬರೂ ಬಾಗಲದ ಮ್ಯಾಲ ನಾಯಿ ಬಾಯಿ ತಕ್ಕೊಂಡ ನಿಂದರತಾವೇನ್ರಿ?"

"ಅವು ನಾಯಿ ಅಲ್ಲಲೇ, ಹೆರಿಟೇಜ್," ಎಂದರು ಸಾವಕಾರರು.

ಮಹಾರಾಜರು ಎಂದರೆ ದಿಗಂಬರ ಮುನಿಗಳು. ಈ ವರ್ಷ ಮಳೆಗಾಲದ ನಾಲ್ಕು ತಿಂಗಳು ನಮ್ಮೂರ ಬಸದಿಯಲ್ಲೇ ಉಳಿದಿದ್ದರು. ಅವರಿಗೆ ದಿನಕ್ಕೆ ಒಂದೇ ಹೊತ್ತು ಆಹಾರ, ಅದೂ ನಿಂತುಕೊಂಡು, ಅಂಗೈಯಲ್ಲಿ. ಬೆಳಿಗ್ಗೆ ಜೈನರ ಮನೆಗಳವರು ಮಡಿಯಲ್ಲಿ ಕಲಶ, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಮುನಿಗಳು ಮನಸ್ಸಿನಲ್ಲೇ ಒಂದು ಗುರುತು ನೇಮಿಸಿಕೊಂಡು ಹೊರಡುತ್ತಾರೆ. ಯಾವ ಬಾಗಿಲಲ್ಲಿ ಆ ಗುರುತು ಕಾಣುತ್ತದೋ ಅಲ್ಲಿ ನಿಲ್ಲುತ್ತಾರೆ. ಗುರುತು ಏನೆಂದು ಯಾರಿಗೂ ಹೇಳುವುದಿಲ್ಲ.

ಮದುವೆಯಾಗಿ ಬಂದಾಗಿನಿಂದ ಕಮಲಾಬಾಯಿಗೆ ಇದ್ದ ಆಸೆ ಒಂದೇ, ಮುನಿಗಳ ಅಂಗೈಗೆ ತನ್ನ ಕೈಯಿಂದ ಒಂದು ತುತ್ತು ಇಡುವುದು. ನಸುಕಿನಲ್ಲೇ ಎದ್ದು ಬಾವಿಯ ನೀರು ಸೇದಿ, ಸೋಸಿ, ಅಡಿಗೆ ಮಾಡಿ, ಬಾಯಿಗೆ ಹನಿ ನೀರೂ ಹಾಕದೆ ನಿಲ್ಲುವ ಆಕೆಯನ್ನು ನಾನು ದಿನಾ ಅಂಗಡಿಯಿಂದ ನೋಡುತ್ತಿದ್ದೆ. ವಯಸ್ಸು ಅರವತ್ತು ದಾಟಿದೆ, ಮೊಣಕಾಲು ನೋವು ಬೇರೆ.

ನಾಯಿಮುಖಗಳು ಏರಿದ ವಾರಕ್ಕೇ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಗೊತ್ತಲ್ಲ, ಧೋ ಎಂದು ಸುರಿಯುವುದು ಅಪರೂಪ. ಇಡೀ ದಿನ ಜಿಟಿಜಿಟಿ. ಅಷ್ಟು ನೀರಿಗೆ ಚಿಮ್ಮುವ ಜೋರು ಎಲ್ಲಿಂದ ಬರಬೇಕು? ಮೂತಿಯ ತುದಿಗೆ ಬಂದ ನೀರು ಗದ್ದದ ಕೆಳಗೆ ಹೊರಳಿ, ತೊಟ್ಟು ತೊಟ್ಟಾಗಿ ಮೆಟ್ಟಿಲ ಮೇಲೆ ಬೀಳತೊಡಗಿತು. ನಾಲ್ಕೂ ನಾಯಿಗಳು ಜೊಲ್ಲು ಸುರಿಸುತ್ತಿದ್ದವು. ಮಳೆ ನಿಂತರೂ ಕಾಲುವೆಯಲ್ಲಿ ನಿಂತ ನೀರು ಮರುದಿನ ಮಧ್ಯಾಹ್ನದವರೆಗೆ ತೊಟ್ಟಿಕ್ಕುತ್ತಿತ್ತು. ಹದಿನೈದು ದಿನದಲ್ಲಿ ಮೆಟ್ಟಿಲು ಹಸಿರು ಪಾಚಿ ಕಟ್ಟಿತು. ಕಮಲಾಬಾಯಿ ಒರೆಸುತ್ತಿದ್ದರು, ನಾಯಿಗಳು ಸುರಿಸುತ್ತಿದ್ದವು.

ಸಂಜಯನಿಗೆ ಫೋನು ಹೋಯಿತು. "ಮಳಿ ಜೋರ ಬರಬೇಕ್ರಿ, ಆಗ ಚಿಮ್ಮತಾವು," ಎಂದನಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಮಳೆಯನ್ನೇ ಡೊಂಕು ಅಂದ.

ಮುನಿಗಳು ದಿನಾ ಬರುತ್ತಿದ್ದರು. "ನಮೋಸ್ತು, ನಮೋಸ್ತು, ಅತ್ರ ತಿಷ್ಠ ತಿಷ್ಠ" ಎಂದು ಸಾವಕಾರರು ಗಂಟಲು ತೆರೆದು ಕರೆಯುತ್ತಿದ್ದರು. ಮುನಿಗಳು ಮೆಟ್ಟಿಲ ಹತ್ತಿರ ಬಂದು ಒಂದು ಗಳಿಗೆ ನಿಂತು ಮುಂದೆ ನಡೆದುಬಿಡುತ್ತಿದ್ದರು. ಪಾಚಿಯಲ್ಲಿ, ಹಸಿ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆಂದು ಅವರು ಕಾಲಿಡುವುದಿಲ್ಲ. ಇದು ಜೈನನಲ್ಲದ ನನಗೂ ಗೊತ್ತು. ಸಾವಕಾರರು ಮಾತ್ರ ಗುರುತು ಹುಡುಕುತ್ತಿದ್ದರು. ಇಂದು ತೆಂಗಿನಕಾಯಿ, ನಾಳೆ ಮಾದಲಕಾಯಿ, ನಾಡಿದ್ದು ಎರಡು ಕಲಶ. ಒಂದು ದಿನ ಸೊಸೆ ಮಾನಸಿಯ ಕೈಗೂ ಬಾಳೆಗೊನೆ ಕೊಟ್ಟು ನಿಲ್ಲಿಸಿದರು.

"ನೆಲ ಹಸಿ ಐತ್ರಿ, ಅದಕ್ಕ ಬರವಲ್ಲರು," ಎಂದರು ಕಮಲಾಬಾಯಿ. "ಹಿತ್ತಲ ಬಾಗಲದಾಗರ ನಿಂದರೂಣು."

"ಇಷ್ಟು ದೊಡ್ಡ ಮನಿ ಕಟ್ಟಿಸಿ ಹಿತ್ತಲದಾಗ ನಿಂದರಬೇಕ? ಮುಖ ಇರೂದು ಮುಂದ."

ಆಕೆ ಒಳಗೆ ಹೋಗಿ ತಣ್ಣಗಾದ ಅಡಿಗೆಯ ಮುಂದೆ ಕೂತರು. ನನಗೆ ನಾಲ್ಕು ನಾಯಿಗಳನ್ನೂ ಸುತ್ತಿಗೆಯಿಂದ ಜಜ್ಜಿ ಹಾಕಬೇಕು ಅನ್ನುವಷ್ಟು ಸಿಟ್ಟು ಬಂತು.

ಮುನಿಗಳು ಬಂದು ತಿಂಗಳು ದಾಟಿದ ಮೇಲೆ ಒಂದು ಮಧ್ಯಾಹ್ನ ಸಾವಕಾರರು ಸಂಜಯನನ್ನು ಕಾಣಲು ಜಮಖಂಡಿಗೆ ಹೋಗಿದ್ದರು. ಕಮಲಾಬಾಯಿ ರಸ್ತೆ ದಾಟಿ ನನ್ನ ಅಂಗಡಿಗೆ ಬಂದರು.

"ವಿಠೋಬಾ, ನಮ್ಮ ಹಿಂದಿನ ಮಗ್ಗದ ಶೆಡ್ ಖಾಲಿ ಬಿದ್ದೈತಿ. ಅದರ ಬಾಗಲ ಓಣಿ ಕಡೆ ಐತಿ. ಅದಕ್ಕೊಂದ ದೋಣಿ ಕಟ್ಟತೀಯೇನು?"

"ಯಾವ ಸ್ಟೈಲ್ರಿ ಅಕ್ಕಾರ?"

"ನೀರ ಕೆಳಗ ಬೀಳಬಾರದು. ಆ ಸ್ಟೈಲು."

ದೀಪ ಹಚ್ಚುವ ಹೊತ್ತಿಗೆ ಕಟ್ಟಿ ಮುಗಿಸಿದೆ. ಆಕೆ, ಮಾನಸಿ ಇಬ್ಬರೂ ಶೆಡ್ಡನ್ನು ತೊಳೆದು ಒರೆಸಿದರು.

ಮರುದಿನ ಬೆಳಿಗ್ಗೆಯೂ ಜಿಟಿಜಿಟಿ ಮಳೆ ಬಂದು ನಿಂತಿತ್ತು. ಸಾವಕಾರರು ಮಡಿ ಉಟ್ಟು, ಎರಡೂ ಕೈಯಲ್ಲಿ ಕಲಶ ಹಿಡಿದು ಕಮಾನಿನ ಕೆಳಗೆ ನಿಂತಿದ್ದರು. ಹೆಂಡತಿ ಒಳಗೆ ಅಡಿಗೆಯಲ್ಲಿದ್ದಾಳೆ ಎಂದೇ ಅವರ ಲೆಕ್ಕ. ಮುನಿಗಳು ಬಂದರು, ಮೆಟ್ಟಿಲ ಹತ್ತಿರ ನಿಂತರು, ಪಕ್ಕದ ಓಣಿಗೆ ತಿರುಗಿದರು. ಓಣಿಯಿಂದ ಹೆಂಗಸಿನ ದನಿ ಕೇಳಿತು: "ನಮೋಸ್ತು, ನಮೋಸ್ತು, ಅತ್ರ ತಿಷ್ಠ ತಿಷ್ಠ."

ಆ ದನಿಯ ಗುರುತು ಸಾವಕಾರರಿಗೆ ಹತ್ತಿತು. ಅವಸರದಲ್ಲಿ ಮೆಟ್ಟಿಲು ಇಳಿದರು. ಮೂರನೆಯ ನಾಯಿ ಭುಜದ ಮೇಲೆ ಜೊಲ್ಲು ಬಿಟ್ಟಿತು. ಸೋಸದ ಹಸಿ ನೀರು ಬಿದ್ದರೆ ಮಡಿ ಮುರಿದಂತೆ, ಆಹಾರ ಕೊಡುವಂತಿಲ್ಲ.

ಶೆಡ್ಡಿನ ಹೊರಗೆ ಅವರೂ ನಾನೂ ಓಣಿಯ ನಾಲ್ಕು ಮಂದಿಯೂ ನಿಂತೆವು. ಒಳಗೆ ಮುನಿಗಳು ನಿಂತಿದ್ದರು. ಕಮಲಾಬಾಯಿ ತುತ್ತು ಎತ್ತಿಕೊಂಡರು. ಮಾನಸಿ ಅವರ ಮೊಣಕೈ ಹಿಡಿದುಕೊಂಡಳು. ಮೊದಲ ತುತ್ತು ಅಂಗೈಗೆ ಬಿದ್ದಾಗ ಆ ಹೆಣ್ಣುಮಗಳ ಮುಖ ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನಿದೆ. ಸಾವಕಾರರು ಒದ್ದೆ ಭುಜವನ್ನು ಒರೆಸಿಕೊಳ್ಳುತ್ತಲೇ ಇದ್ದರು.

ಮುನಿಗಳು ಬಸದಿಗೆ ಹೋದ ಮೇಲೆ ಸಾವಕಾರರು ಶೆಡ್ಡಿನ ಬಾಗಿಲಿಗೆ ಬಂದರು. "ತಿಂಗಳಾತು, ನಮ್ಮ ಮನಿ ಕಡೆ ಒಮ್ಮೆರ ತಲಿ ಎತ್ತಿ ನೋಡಲಿಲ್ಲಲಾ ಅವರು."

"ನೆಲ ನೋಡಕೋತ ನಡ್ಯಾವ್ರು ಅವರು. ನೀವು ಅಷ್ಟೆಲ್ಲಾ ಮ್ಯಾಲ ಮಾಡಿಸೀರಿ," ಎಂದರು ಕಮಲಾಬಾಯಿ.

"ಆತು, ಮನಿಗೆ ನಡಿ. ಹಸಿವಾಗೇತಿ."

"ಒಲಿ ಇಲ್ಲೇ ಹೂಡೇನಿ. ಮಳಿಗಾಲ ಮುಗಿಯೂ ತನಕ ನನ್ನ ಮನಿ ಇದ. ಹಸದಿದ್ರ ಒಳಗ ಬರ್ರಿ, ತಾಟ ಹಚ್ಚತೇನಿ."

ಸಾವಕಾರರು ಒಮ್ಮೆ ತಮ್ಮ ಬಂಗಲೆಯ ಬೆನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಬೇರೆ ಕಡೆ ನೋಡಿದೆ. ಶೆಡ್ಡಿನ ಬಾಗಿಲು ಗಿಡ್ಡ. ಬಗ್ಗಿ ಒಳಗೆ ಹೋದರು.